ಕೆಂಪು ಮಣ್ಣಿಗೆ ತಕ್ಕ ಮೆಷಿನ್

ಡೆಲ್ಮರ್ ಯಾನ್ಸಿ ತೀರಿಕೊಂಡ ಎಂದು ಬರೆದರೆ ಅದರ ಮುಂದಿನ ವಾಕ್ಯ ಬರುವುದಿಲ್ಲ. ಆದ್ದರಿಂದ ಅವನು ಒಂದು ಮೆಷಿನ್ ಆರಿಸಿಕೊಳ್ಳಲು ಪಟ್ಟ ಪಾಡಿನಿಂದಲೇ ಶುರು ಮಾಡುವುದು ವಾಸಿ. ಅವನಿಗೂ ಅದೇ ಹಿಡಿಸುತ್ತಿತ್ತು. ತನ್ನ ವಿಷಯ ಯಾರಾದರೂ ಗಂಭೀರವಾಗಿ ಮಾತಾಡತೊಡಗಿದರೆ ಅವನು ಮೆಲ್ಲಗೆ ಎದ್ದು ಹೋಗಿ ಯಾರದಾದರೂ ಕಾರಿನ ಬಾನೆಟ್ಟು ಎತ್ತಿ ನೋಡುತ್ತ ನಿಂತುಬಿಡುತ್ತಿದ್ದ.

ವರ್ಜೀನಿಯಾದ ಕಲ್ಪೆಪರ್ ಸೀಮೆಯಲ್ಲಿ ಸ್ಕೂಲ್ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು ಡೆಲ್ಮರ್. ವಾರವಿಡೀ ಎಂಜಿನ್ನುಗಳ ಗೊಣಗಾಟ ಕೇಳುತ್ತಿದ್ದವನು ಶನಿವಾರ ಬಂದರೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕೈಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ನೆಲದ ಗೊಣಗಾಟ ಕೇಳಲು ಹೊರಡುತ್ತಿದ್ದ. ನೂರೈವತ್ತು ವರ್ಷಕ್ಕೂ ಹಿಂದೆ ಅಮೆರಿಕದ ಉತ್ತರದವರೂ ದಕ್ಷಿಣದವರೂ ಹೊಡೆದಾಡಿದ ಕಾಲದಲ್ಲಿ ಉತ್ತರದ ದಂಡು ರಾಪಿಡಾನ್ ಹೊಳೆಯ ಈಚೆ ಒಂದಿಡೀ ಚಳಿಗಾಲ ಬೀಡುಬಿಟ್ಟಿತ್ತು. ಅಷ್ಟು ಗಂಡಸರು, ಹೇಳುವವರು ಕೇಳುವವರಿಲ್ಲದೆ ಒಂದು ಚಳಿಗಾಲ ಒಂದೇ ಕಡೆ ಇದ್ದರೆ ಏನೇನು ಬೀಳಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕೇ? ಗುಂಡುಗಳು, ಅಂಗಿಯ ಗುಂಡಿಗಳು, ಚಮಚ, ಚಾಕು, ಕುದುರೆಯ ಲಾಳ. ಒಮ್ಮೆ ಲೈಲ್ ಇನ್‌ಸ್ಕೀಪನಿಗೆ ಚಿನ್ನದ ಕಟ್ಟು ಹಾಕಿದ ಹಲ್ಲೊಂದು ಸಿಕ್ಕಿತ್ತು. ಅದನ್ನು ಅವನು ಬಹಳ ದಿನ ಜೇಬಿನಲ್ಲಿಟ್ಟುಕೊಂಡು ಊಟದ ಹೊತ್ತಿಗೇ ಹೊರತೆಗೆದು ತೋರಿಸುತ್ತಿದ್ದ.

ಲೈಲ್ ಎಂದರೆ ಡೆಲ್ಮರನ ಜೊತೆಗಾರ. ಊರಿನ ಲೈಬ್ರರಿಯಲ್ಲಿ ಕೆಲಸ ಮಾಡಿದವನು, ಉದ್ದಕ್ಕೆ ಬಡಕಲಾಗಿದ್ದವನು. ಇಬ್ಬರೂ ಪಕ್ಕಪಕ್ಕ ಹೊಲದಲ್ಲಿ ನಡೆದರೆ ದೂರದಿಂದ ಗಾಳಿಮರ ಮತ್ತು ಹುಲ್ಲಿನ ಬಣವೆ ವಾಕಿಂಗ್ ಹೊರಟ ಹಾಗೆ ಕಾಣುತ್ತಿತ್ತು.

ಈ ಹುಡುಕುವವರದೇ ಒಂದು ಸಂಘ. ಸಂಘದ ಎಲ್ಲರ ಹತ್ತಿರವೂ ಇದ್ದು ಡೆಲ್ಮರನ ಹತ್ತಿರ ಮಾತ್ರ ಇಲ್ಲದಿದ್ದ ವಸ್ತು ಒಂದೇ: ಸಿಪಾಯಿಯ ಬೆಲ್ಟಿನ ಬಕಲ್. ಹಿತ್ತಾಳೆಯದು, ಮೊಟ್ಟೆಯಾಕಾರದ್ದು, ಬೆನ್ನಿಗೆ ಸೀಸ ಎರೆದದ್ದು, ಅಂಗೈ ತುಂಬುವಷ್ಟು ದೊಡ್ಡದು. ಬಕಲ್ ಸಿಕ್ಕವನು ಈ ಜನರ ನಡುವೆ ದೊಡ್ಡ ಮನುಷ್ಯ. ಸಿಗದವನು ತಲೆ ನರೆಯುವವರೆಗೆ ಅಗೆದರೂ ಎಳೆಗೂಸು. ಸಂಘದ ಹಿರಿಯ ಬರ್ಲ್ ಹಿಟ್‌ನ ಬಳಿ ಮೂರಿದ್ದವು. ಅದೂ ಹೋಗಲಿ ಎಂದರೆ ಅವನ ನಾಯಿ, ಅದರ ಹೆಸರು ಸೆನೆಟರ್, ಒಂದು ದಿನ ಬೇಲಿಯ ಪಕ್ಕ ಕಾಲೆತ್ತಿ ತನ್ನ ಕೆಲಸ ಮುಗಿಸಿ ಹಿಂಗಾಲಿನಲ್ಲಿ ಮಣ್ಣು ಕೆದರಿದಾಗ ಅಲ್ಲೊಂದು ಬಕಲ್ ಕಂಡಿತು. ವರ್ಷಕ್ಕೊಮ್ಮೆ ಸಂಘದ ಊಟದ ದಿನ ಎಲ್ಲರೂ ತಮ್ಮ ವಸ್ತುಗಳನ್ನು ಮೇಜಿನ ಮೇಲೆ ಹರವಿ ಕೂರುತ್ತಿದ್ದರು. ಸೆನೆಟರ್‌ಗೂ ಒಂದು ಮೂಲೆ ಕೊಟ್ಟಿದ್ದರು. ಡೆಲ್ಮರ್ ತನ್ನ ಮೇಜಿನ ಮೇಲೆ ತುಕ್ಕು ಹಿಡಿದ ಮೊಳೆಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿ, ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದ.

"ಇದೇನ್ ಡೆಲ್ಮರ್, ಮನೆ ಕಟ್ಟಿಸ್ತೀಯಾ?" ಎಂದು ಬರ್ಲ್ ಪ್ರತಿ ವರ್ಷವೂ ಕೇಳುತ್ತಿದ್ದ.

"ಮೊಳೆ ಆಯ್ತು. ಹಲಗೆ ಸಿಗ್ಲಿ ಅಂತ ಕಾಯ್ತಿದೀನಿ," ಎಂದು ಡೆಲ್ಮರನೂ ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದ. ಆದರೆ ಮನೆಗೆ ಮರಳುವಾಗ ಕಾರಿನಲ್ಲಿ ಮಾತಾಡುತ್ತಿರಲಿಲ್ಲ.

ಕಳೆದ ವರ್ಷ ಬೇಸಿಗೆಯ ಕೊನೆಗೆ ಡಾಕ್ಟರು ಅವನ ಎದೆಗೆ ಸ್ಟೆಥಾಸ್ಕೋಪ್ ಒತ್ತಿ ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತು ಕೇಳಬೇಕಾದ ಎಂಜಿನ್ನು ಇನ್ನೆಷ್ಟು ದೂರ ಓಡುತ್ತದೆಂದು ಡೆಲ್ಮರನಿಗೆ ಡಾಕ್ಟರು ಬಾಯಿಬಿಡುವ ಮೊದಲೇ ಗೊತ್ತಾಯಿತು. ನಡೆಯಬಹುದು. ಅಗೆಯಬಾರದು. ಮಂಡಿಯೂರಿ ಬಗ್ಗಬಾರದು. ಭಾರ ಎತ್ತಬಾರದು.

ಅವನ ಹೆಂಡತಿ ಇಮೊಜಿನ್ ಅಡುಗೆಮನೆಯಲ್ಲೇ ತೀರ್ಪು ಕೊಟ್ಟಳು.

"ಮಿಸ್ ಕಾರಿ ಹೊಲಕ್ಕೆ ಒಂದ್ಸಲ ಹೋಗಿ ಬಾ. ಅದೇ ಕೊನೆ. ಆಮೇಲೆ ಶೆಡ್ಡಲ್ಲಿರೋ ಮೆಷಿನ್ನುಗಳೆಲ್ಲ ಆಚೆ ಹೋಗ್ಬೇಕು."

"ಹಳೇದೆಲ್ಲ ಹೋಗ್ಲಿ. ಆದ್ರೆ ಆ ಮಣ್ಣಿಗೆ ನಮ್ಮ ಹಳೇ ಮೆಷಿನ್ ನಡೆಯಲ್ಲ ಕಣೇ. ಒಂದೇ ಒಂದು ಹೊಸದು."

"ಕೊನೇ ಸಲ ಹೋಗೋಕೆ ಹೊಸ ಮೆಷಿನ್ನಾ?"

"ಕೊನೇ ಸಲಕ್ಕಲ್ದೆ ಇನ್ಯಾವಾಗ?"

ಅವಳ ಮೌನದಲ್ಲಿ ಎರಡು ಬಗೆ ಇದ್ದವು. ಇದು ಒಪ್ಪಿಗೆಯದು.

ಮಿಸ್ ಕಾರಿ ಎಂಬಾಕೆ ಹೊಳೆ ದಂಡೆಯ ದೊಡ್ಡ ಹೊಲದ ಒಡತಿ. ಮೆಕ್ಕೆಜೋಳ ಕೊಯ್ದಾದ ಮೇಲೆ, ಮತ್ತೆ ಗೋಧಿ ಬಿತ್ತುವ ಮೊದಲು, ವರ್ಷಕ್ಕೊಂದು ಶನಿವಾರ ಸಂಘದವರನ್ನು ಒಳಗೆ ಬಿಡುತ್ತಿದ್ದಳು. ದಂಡು ಬೀಡುಬಿಟ್ಟಿದ್ದು ಅಲ್ಲೇ. ಆದರೆ ಅಲ್ಲಿನ ಮಣ್ಣು ಕೆಂಪು, ಮೈತುಂಬ ಕಬ್ಬಿಣ ತುಂಬಿಕೊಂಡ ಮಣ್ಣು. ಸಾಧಾರಣ ಮೆಷಿನ್ನುಗಳು ಆ ಮಣ್ಣಿನ ಸದ್ದಿಗೇ ಕಿವುಡಾಗಿ ನಾಲ್ಕು ಬೆರಳು ಆಳದ ಗುಂಡನ್ನೂ ಗುರುತಿಸುತ್ತಿರಲಿಲ್ಲ. ಅಲ್ಲಿ ಏನೇನೋ ಇದೆ, ಆದರೆ ಯಾರಿಗೂ ಕೇಳಿಸುವುದಿಲ್ಲ. ಡೆಲ್ಮರನ ಬಕಲ್ ಎಲ್ಲಾದರೂ ಇದ್ದರೆ ಅಲ್ಲೇ ಇರಬೇಕು.

ಹೊಸ ಮೆಷಿನ್ ಕೊಳ್ಳುವ ಮೊದಲು ಪರೀಕ್ಷೆ ಮಾಡುವುದು ಈ ಜನರ ಪದ್ಧತಿ. ಹಿತ್ತಲಲ್ಲಿ ಬೇರೆಬೇರೆ ಆಳದಲ್ಲಿ ಗುಂಡು, ಅಂಗಿಯ ಗುಂಡಿ ಹೂತು, ಮೆಷಿನ್ನಿನ ತುದಿಯ ತಟ್ಟೆಯನ್ನು ಮೇಲೆ ಆಡಿಸಿ, ಯಾವುದಕ್ಕೆ ಎಷ್ಟು ಕೇಳಿಸುತ್ತದೆ ಎಂದು ನೋಡುತ್ತಾರೆ. ಡೆಲ್ಮರ್ ಎರಡು ಮೆಷಿನ್ ತಂದ. ಒಂದು ಬರ್ಲ್‌ನದು. ಅದಕ್ಕೆ ಬಣ್ಣದ ಪರದೆ, ಕೆಳಗಿರುವುದು ಕಬ್ಬಿಣವೋ ಹಿತ್ತಾಳೆಯೋ ಎಂದು ಅದೇ ಹೇಳುತ್ತದೆ. ಇನ್ನೊಂದು ಪೇಟೆಯ ಅಂಗಡಿಯವನು ನೋಡಿ ಹೇಳಿ ಎಂದು ಎರವಲು ಕೊಟ್ಟದ್ದು. ಪರದೆಯಿಲ್ಲ, ಒತ್ತುವ ಗುಂಡಿಗಳೂ ಕಡಿಮೆ. ಮೊಳೆ ಸಿಕ್ಕರೂ ಬಂಗಾರ ಸಿಕ್ಕರೂ ಒಂದೇ ಕೂಗು. ಜಾಣ ಮೆಷಿನ್, ಪೆದ್ದ ಮೆಷಿನ್ ಎಂದು ಅವಕ್ಕೆ ಹೆಸರಿಟ್ಟವನು ಲೈಲ್.

ಹಿತ್ತಲಲ್ಲಿ ಎರಡೂ ಕೋಗಿಲೆಯ ಹಾಗೆ ಕೂಗಿದವು. ಡೆಲ್ಮರ್ ಸಂತೋಷಪಡುವುದು ಬಿಟ್ಟು ಮುಖ ಹುಳ್ಳಗೆ ಮಾಡಿಕೊಂಡ.

"ಈ ಮಣ್ಣು ಸುಳ್ಳು ಹೇಳ್ತಿದೆ. ಇಮೊಜಿನ್ ಹೂವಿನ ಗಿಡಕ್ಕೆ ಅಂತ ತರಿಸಿದ ಕಪ್ಪು ಮಣ್ಣು ಇದು. ಮಿಸ್ ಕಾರಿ ಮಣ್ಣೇ ಬೇಕು."

ಮಾರನೆಯ ದಿನವೇ ಅವನೂ ಲೈಲೂ ಪಿಕಪ್ಪು ತೆಗೆದುಕೊಂಡು ಹೋಗಿ, ಮಿಸ್ ಕಾರಿಯ ಅಪ್ಪಣೆ ಕೇಳಿ, ಅವಳ ಕಾಲುವೆ ಬದಿಯ ಕೆಂಪು ಮಣ್ಣನ್ನು ತುಂಬಿಕೊಂಡು ಬಂದರು. ತುಂಬಿದ್ದು ಲೈಲ್. ಡೆಲ್ಮರ್ ಪಕ್ಕದಲ್ಲಿ ನಿಂತು ಗುದ್ದಲಿ ಹಿಡಿಯುವ ರೀತಿಯ ಬಗ್ಗೆ ಉಪದೇಶ ಮಾಡಿದ. ಈಗ ಆ ಮಣ್ಣನ್ನು ಹಾಕಲು ಆಳವಾದ ಏನಾದರೂ ಬೇಕಿತ್ತು. ಡೆಲ್ಮರ್ ಹಿತ್ತಲನ್ನೆಲ್ಲ ಒಮ್ಮೆ ನೋಡಿದ. ಮೂಲೆಯಲ್ಲಿ ಅವನ ಅಜ್ಜಿಯ ಕಾಲದ ಸ್ನಾನದ ತೊಟ್ಟಿ, ಬೆಳ್ಳಗೆ, ನಾಲ್ಕು ಸಿಂಹದ ಪಾದಗಳ ಮೇಲೆ ನಿಂತಿತ್ತು. ಇಮೊಜಿನ್ ಅದರಲ್ಲಿ ಪುದೀನ ಬೆಳೆಸಿದ್ದಳು.

ಪುದೀನ ಹೊರಗೆ ಬಿತ್ತು. ಕೆಂಪು ಮಣ್ಣು ಒಳಗೆ ಹೋಯಿತು. ಗುಂಡು ಗುಂಡಿಗಳನ್ನು ಹೂತದ್ದಾಯಿತು. ಡೆಲ್ಮರ್ ಪೆದ್ದ ಮೆಷಿನ್ನನ್ನು ಹತ್ತಿರ ತಂದ. ತೊಟ್ಟಿಯ ಅಂಚಿಗೆ ಇನ್ನೂ ಒಂದು ಮೊಳ ದೂರವಿದ್ದಾಗಲೇ ಅದು ಬಾಲ ಬಾಗಿಲಿಗೆ ಸಿಕ್ಕಿದ ಹಂದಿಯ ಹಾಗೆ ಕಿರುಚಿಕೊಂಡಿತು. ಜಾಣ ಮೆಷಿನ್ ಪರದೆಯ ಮೇಲೆ ಕೆಂಪು, ಹಳದಿ, ನೇರಳೆ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ತೋರಿಸಿ ಕೊನೆಗೆ ಕಪ್ಪಾಯಿತು.

"ದೇವ್ರೇ," ಎಂದ ಡೆಲ್ಮರ್. "ಇಷ್ಟು ಕಬ್ಬಿಣ ತುಂಬಿದ ಮಣ್ಣು ನಾನು ಹುಟ್ಟಿದ ಮೇಲೆ ನೋಡಿಲ್ಲ."

ಅವನು ಬರ್ಲ್‌ಗೆ ಫೋನ್ ಮಾಡಿದ. ಬರ್ಲ್ ಸೆನೆಟರನ್ನೂ ಒಂದು ಪೊಟ್ಟಣ ಬೇಯಿಸಿದ ಕಡಲೇಕಾಯನ್ನೂ ತೆಗೆದುಕೊಂಡು ಬಂದ. ಮೂವರೂ ತೊಟ್ಟಿಯ ಸುತ್ತ ನಿಂತು, ಸಾವಿನ ಮನೆಯಲ್ಲಿ ಹೆಣ ನೋಡುವವರ ಹಾಗೆ ತಲೆ ಬಗ್ಗಿಸಿ ಮಣ್ಣನ್ನು ನೋಡಿದರು.

"ಉಲ್ಕೆ ಬಿದ್ದಿರ್ಬೇಕು," ಎಂದ ಬರ್ಲ್, ಸಿಪ್ಪೆ ಉಗಿಯುತ್ತ.

"ಮಿಸ್ ಕಾರಿ ಕಾಲುವೇಗಾ?"

"ಯಾಕೆ, ಉಲ್ಕೆಗೆ ಕಾಲುವೆ ಆಗಲ್ವಾ? ಅದಕ್ಕೇನ್ ಅಡ್ರೆಸ್ ಬೇಕಾ?"

ಲೈಲ್ ತಾನು ಓದಿದ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿ, "ಇಲ್ಲೊಂದು ಫಿರಂಗಿ ಕರಗಿಹೋಗಿರಬಹುದೇನೋ," ಎಂದ. ಫಿರಂಗಿ ಕರಗುವುದು ಹೇಗೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಆ ಮಾತು ಇಷ್ಟವಾಯಿತು. ಇಂಥ ಮಣ್ಣಲ್ಲಿ ಯಾವ ಮೆಷಿನ್ನೂ ನಡೆಯುವುದಿಲ್ಲ, ಡೆಲ್ಮರ್ ಬಕಲ್ಲಿನ ಆಸೆ ಬಿಡುವುದೇ ಮೇಲು ಎಂದು ಬರ್ಲ್ ಕೈ ಜಾಡಿಸಿದ. ಡೆಲ್ಮರ್ ಎರಡು ದಿನ ಬಿಡಲಿಲ್ಲ. ಮಣ್ಣನ್ನು ಒಣಗಿಸಿದ, ನೀರು ಹಾಕಿದ, ಉಪ್ಪು ಹಾಕಿದ. ನೆಲ ಡೊಂಕೆಂದ ನರ್ತಕಿಯರನ್ನು ನಾವು ಕೇಳಿದ್ದೇವೆ. ನೆಲವನ್ನೇ ಹೊತ್ತು ತಂದು, ಅದರ ಡೊಂಕು ತಿದ್ದಲು ಕೂತವನು ಡೆಲ್ಮರ್ ಒಬ್ಬನೇ.

ಮೂರನೆಯ ದಿನ ಮೂವರೂ ಮತ್ತೆ ತೊಟ್ಟಿಯ ಸುತ್ತ ನಿಂತಿದ್ದಾಗ ಇಮೊಜಿನ್ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು.

"ನನ್ನ ತೊಟ್ಟಿ ಯಾವಾಗ ವಾಪಸ್ ಕೊಡ್ತೀರಾ?"

"ಇರೇ, ಇಲ್ಲಿ ಏನೋ ದೊಡ್ಡದೇ ಇದೆ," ಎಂದ ಡೆಲ್ಮರ್.

"ಇದೆ. ಅದನ್ನ ಹೊರಗಡೆ ಎತ್ತಿಡೋವಾಗ ನಾಲ್ಕು ಜನ ಹೊತ್ತಿದ್ರು, ನೆನಪಿದ್ಯಾ? ಅದು ಯಾಕೆ ಅಷ್ಟು ಭಾರ ಅಂತ ಯೋಚ್ನೆ ಮಾಡಿದ್ರಾ ಯಾರಾದ್ರೂ?"

ಬಿಳಿಯ ಮೆರುಗು ಬಳಿದಿದ್ದ ಆ ತೊಟ್ಟಿ ಅಚ್ಚ ಎರಕದ ಕಬ್ಬಿಣದ್ದು. ಬದುಕೆಲ್ಲ ಕಬ್ಬಿಣದ ಜೊತೆ ಕಳೆದ ಮೆಕ್ಯಾನಿಕ್ಕು, ಮೂರು ಬಕಲ್ಲಿನ ಒಡೆಯ, ಲೈಬ್ರರಿಯನ್ನೇ ಓದಿ ಮುಗಿಸಿದವನು, ಮೂವರೂ ಅದರ ಸುತ್ತ ನಿಂತು ಉಲ್ಕೆ ಹುಡುಕಿದ್ದರು.

"ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ ಡೆಲ್ಮರ್.

"ನನ್ನ ಪುದೀನ ಕೀಳೋ ಮೊದ್ಲು ನೀನು ಕೇಳಿದ್ಯಾ?"

ಬರ್ಲ್ ತಕ್ಷಣ ಹೋಗಿ ಸೇಬು ತುಂಬುವ ಮರದ ಪೆಟ್ಟಿಗೆಯೊಂದನ್ನು ತಂದ. ಅದರ ಮೂಲೆಮೂಲೆಗೆ ಹೊಡೆದ ಮೊಳೆಗಳನ್ನು ಲೈಲ್ ಮಾತಿಲ್ಲದೆ ಬೆರಳಿಟ್ಟು ತೋರಿಸಿದ. ಕೊನೆಗೆ ಮಣ್ಣನ್ನು ಸುಮ್ಮನೆ ಹುಲ್ಲಿನ ಮೇಲೆ ಗುಡ್ಡೆ ಸುರಿದರು. ಇದು ಯಾರಿಗೂ ಮೊದಲೇ ಯಾಕೆ ಹೊಳೆಯಲಿಲ್ಲವೆಂದರೆ, ಅದಕ್ಕೆ ಉತ್ತರವಿಲ್ಲ.

ಗುಡ್ಡೆಯ ಮೇಲೆ ನಿಜ ಹೊರಗೆ ಬಂತು. ಜಾಣ ಮೆಷಿನ್ ಮೇಲುಮೇಲಿನದನ್ನು ಚೆಂದವಾಗಿ ಬಣ್ಣಿಸಿತು. ಅದರ ಕೆಳಗಿನದು ಅದರ ಪಾಲಿಗೆ ಇರಲೇ ಇಲ್ಲ. ಪೆದ್ದ ಮೆಷಿನ್ ಮೊಣಕೈ ಆಳದಲ್ಲಿದ್ದ ಅಂಗಿಯ ಗುಂಡಿಗೂ ಕೂಗಿತು. ಅಷ್ಟೇ ಖುಷಿಯಿಂದ ಮೊಣಕೈ ಆಳದ ಮೊಳೆಗೂ ಕೂಗಿತು.

"ಪೆದ್ದನ್ನ ತಗೊಂಡ್ರೆ ಎಲ್ಲಾದನ್ನೂ ಅಗೀಬೇಕು," ಎಂದ ಬರ್ಲ್. "ನೂರು ಗುಂಡಿ ತೋಡಿದ್ರೆ ತೊಂಬತ್ತೊಂಬತ್ತು ಮೊಳೆ. ನಿಂಗೆ ಡಾಕ್ಟರು ಏನ್ ಹೇಳಿದಾರೆ? ಜಾಣನ್ನ ತಗೋ. ಅದು ಹಿತ್ತಾಳೆ ಅಂದ ಕಡೆ ಎರಡು ಗುಂಡಿ ನಿಧಾನಕ್ಕೆ ತೋಡು, ಮನೆಗ್ ಹೋಗು."

"ಅದು ಮೇಲಿರೋದನ್ನ ಮಾತ್ರ ನೋಡುತ್ತೆ. ಮೇಲಿದ್ದದ್ದೆಲ್ಲ ನೀನು ನಿನ್ನ ನಾಯಿ ಆಗ್ಲೇ ಎತ್ಕೊಂಡಿದೀರಿ."

"ನಾನು ಅಗೀತೀನಿ," ಎಂದ ಲೈಲ್.

ಡೆಲ್ಮರ್ ಅವನ ಕಡೆ ನೋಡಲಿಲ್ಲ. "ಸಂಘದ ನಿಯಮ ಏನು?"

ನಿಯಮ ಮೂವರಿಗೂ ಗೊತ್ತಿತ್ತು. ಯಾರ ಕಿವಿಗೆ ಕೇಳಿಸಿತು ಎನ್ನುವುದು ಲೆಕ್ಕಕ್ಕಿಲ್ಲ. ಮಣ್ಣಿನೊಳಗಿಂದ ಕೈಯಾರೆ ಎತ್ತಿದವನದೇ ವಸ್ತು. ಲೈಲ್ ಅಗೆದು ಎತ್ತಿದರೆ ಬಕಲ್ ಲೈಲ್‌ನದು. ಆಮೇಲೆ ಅವನು ಅದನ್ನು ಡೆಲ್ಮರನಿಗೆ ಉಡುಗೊರೆಯಾಗಿ ಕೊಡಬಹುದು, ಅಂಗಡಿಯಿಂದ ಕೊಂಡು ತಂದ ಹಾಗೆ. ಆ ಬಕಲ್ಲನ್ನು ಮೇಜಿನ ಮೇಲಿಟ್ಟು ಹಿಂದೆ ನಿಲ್ಲುವುದಕ್ಕಿಂತ ಮೊಳೆಯೇ ವಾಸಿ.

"ಕೈಯಾರೆ ಎತ್ತಿದವನು ಅಂತಿದೆ, ಅಗೆದವನು ಅಂತಿಲ್ಲ," ಎಂದ ಲೈಲ್ ಯೋಚಿಸುತ್ತ. "ನಾನು ತೋಡ್ತೀನಿ. ಕೊನೇ ಹಿಡಿ ಮಣ್ಣಿಗೆ ನೀನು ಕೈ ಹಾಕು."

"ಬಗ್ಗೋ ಹಾಗಿಲ್ವಲ್ಲ."

"ಮಂಡಿ ಊರಬೇಡ, ಬಗ್ಗಬೇಡ ಅಂದ್ರು. ಬೋರಲು ಮಲಗಬೇಡ ಅಂದ್ರಾ?"

ಎಲ್ಲರೂ ಇಮೊಜಿನ್ ಕಡೆ ನೋಡಿದರು. ಅವಳು ಚೆಲ್ಲಿದ್ದ ಪುದೀನವನ್ನು ಮತ್ತೆ ತೊಟ್ಟಿಗೆ ನೆಡುತ್ತಿದ್ದಳು.

"ಅಂದಿಲ್ಲ," ಎಂದಳು ತಲೆಯೆತ್ತದೆ. "ಡಾಕ್ಟರಿಗೆ ಅಷ್ಟು ಕಲ್ಪನೆ ಎಲ್ಲಿರುತ್ತೆ?"

ಹೀಗೆ ಡೆಲ್ಮರ್ ಪೆದ್ದ ಮೆಷಿನ್ನನ್ನು ಆರಿಸಿಕೊಂಡ. ಕೊಳ್ಳುವವರೆಲ್ಲ ಮೆಷಿನ್ನನ್ನು ಅದರ ಗುಣ ನೋಡಿ ಆರಿಸುತ್ತಾರೆ. ಅವನು ಪಕ್ಕದಲ್ಲಿ ಗುದ್ದಲಿ ಹಿಡಿದು ನಿಲ್ಲುವವನನ್ನು ನೋಡಿ ಆರಿಸಿದ. ಅಂಗಡಿಯವನಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. ಬಣ್ಣ ಚೆನ್ನಾಗಿದೆ ಎಂದನಂತೆ.

ಆ ಶನಿವಾರ ಬಿಸಿಲು ಬೆಳಗಿನಿಂದಲೇ ತೆಳ್ಳಗೆ ಬಿದ್ದಿತ್ತು. ಕೊಯ್ದ ಜೋಳದ ಕೂಳೆಗಳ ನಡುವೆ ಸಂಘದವರು ಹರಡಿಕೊಂಡರು. ಮಿಸ್ ಕಾರಿ ವಯಸ್ಸಾದವಳು, ಕಣ್ಣು ಮಂಜು. ಮನೆಯ ಮುಂದಿನ ಜಗುಲಿಯಲ್ಲಿ ತೂಗುಕುರ್ಚಿ ಹಾಕಿಕೊಂಡು ನೋಡುತ್ತ ಕೂತಳು. ಇಮೊಜಿನ್ ಅವಳ ಪಕ್ಕ ಸಿಹಿ ಟೀ ಹೀರುತ್ತ ಕೂತಳು.

ಡೆಲ್ಮರ್ ನಿಧಾನವಾಗಿ ತಟ್ಟೆ ಆಡಿಸುತ್ತ ನಡೆದ. ಹಿಂದೆ ಲೈಲ್, ಒಂದು ಹೆಗಲಿಗೆ ಗುದ್ದಲಿ, ಇನ್ನೊಂದಕ್ಕೆ ಇಮೊಜಿನ್ ಕೊಟ್ಟ ಹಳೆಯ ರಜಾಯಿ. ಮೆಷಿನ್ ಕೂಗಿತು. ಲೈಲ್ ಮೊಣಕೈ ಆಳ ತೋಡಿದ. ಪಕ್ಕದಲ್ಲಿ ರಜಾಯಿ ಹಾಸಿದ. ಡೆಲ್ಮರ್ ಮೊದಲು ಗುದ್ದಲಿಗೆ, ಆಮೇಲೆ ಲೈಲ್‌ಗೆ ಆತುಕೊಂಡು, ಹಂತಹಂತವಾಗಿ ಬೋರಲು ಮಲಗಿ, ಗುಂಡಿಯೊಳಗೆ ಕೈ ಇಳಿಸಿದ. ಮೊಳೆ. ಮತ್ತೆ ಅಷ್ಟೇ ಹಂತಹಂತವಾಗಿ ಎದ್ದ. ಲೈಲ್ ಗುಂಡಿ ಮುಚ್ಚಿದ. ಹತ್ತು ಹೆಜ್ಜೆ ಹೋಗುವುದರೊಳಗೆ ಮತ್ತೆ ಕೂಗು. ಮತ್ತೆ ಗುಂಡಿ, ಮತ್ತೆ ರಜಾಯಿ, ಮತ್ತೆ ಮೊಳೆ.

ಜಗುಲಿಯ ಮೇಲೆ ಮಿಸ್ ಕಾರಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಇಮೊಜಿನ್, ನಿನ್ನ ಗಂಡ ಬಿದ್ದ!"

"ಬಿದ್ದಿಲ್ಲ, ಮಿಸ್ ಕಾರಿ. ಮಲಗಿದಾನೆ."

"ಹೊಲದಲ್ಲಾ?" ಸ್ವಲ್ಪ ಹೊತ್ತು ಬಿಟ್ಟು: "ಎದ್ದ. ದೇವರು ದೊಡ್ಡವನು." ಇನ್ನೂ ಸ್ವಲ್ಪ ಹೊತ್ತಿಗೆ: "ಅಯ್ಯೋ, ಮತ್ತೆ ಬಿದ್ದ! ಪಾದ್ರಿಗಳಿಗೆ ಫೋನ್ ಮಾಡ್ಲಾ?"

"ಪ್ರತಿ ಸಲ ಮಾಡಿದ್ರೆ ಅವ್ರು ಫೋನೇ ಎತ್ತಲ್ಲ. ಟೀ ಕುಡೀರಿ."

ಮಧ್ಯಾಹ್ನದ ಹೊತ್ತಿಗೆ ಡೆಲ್ಮರನ ಚೀಲದಲ್ಲಿ ಮೊಳೆಗಳು, ಬೇಲಿಯ ತಂತಿ, ನೇಗಿಲಿನ ಕುಳದ ಚೂರು, ಬಿಯರ್ ಕ್ಯಾನಿನ ಮುಚ್ಚಳ, ಕುದುರೆಯ ಲಾಳ ಒಂದು. ಗುಂಡೂ ಸಿಕ್ಕಿತ್ತು, ಆದರೆ ಬೇಟೆಗಾರರದು, ಹೊಸದು. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಗುತ್ತದೆ. ಬರ್ಲ್ ಎರಡು ಸಲ ಹತ್ತಿರ ಬಂದು ತನ್ನ ಜಾಣ ಮೆಷಿನ್ನಿನಿಂದ ಸಿಕ್ಕ ಹದ್ದಿನ ಚಿತ್ರದ ಸಿಪಾಯಿ ಅಂಗಿಯ ಗುಂಡಿಯನ್ನು ತೋರಿಸಿ ಹೋದ. ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ ತಿನ್ನುವಾಗ ಡೆಲ್ಮರನ ಮುಖ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಲೈಲ್ ಗಮನಿಸಿದ.

"ಸಾಕು ಬಾ, ಹೋಗೋಣ," ಎಂದ.

"ನಿಂಗೆ ಸುಸ್ತಾಯ್ತಾ? ಗಾಳಿಮರದ ಹಾಗಿದೀಯ, ಗಾಳಿ ಬರ್ಲಿ ಅಂತ ಕಾಯ್ತಿದೀಯೇನೋ."

"ನಂಗಲ್ಲ ಮಾರಾಯ, ರಜಾಯಿಗೆ ಸುಸ್ತಾಗಿದೆ."

ಹೊತ್ತು ಇಳಿಯುತ್ತಿದ್ದಾಗ, ಹೊಲದ ಇಳಿಜಾರಿನ ತುದಿಯಲ್ಲಿ, ಮೆಷಿನ್ ಮತ್ತೆ ಕೂಗಿತು. ಎಲ್ಲ ಕೂಗಿನ ಹಾಗೇ ಅದೂ ಒಂದು ಕೂಗು. ಪೆದ್ದ ಮೆಷಿನ್ನಿಗೆ ಬೇರೆ ರಾಗ ಬರುತ್ತಿರಲಿಲ್ಲ. ಲೈಲ್ ತೋಡಿದ. ಮೊಣಕೈ ಆಳ ದಾಟಿತು, ಕೂಗು ಇನ್ನೂ ಕೆಳಗಿತ್ತು. ಮತ್ತಷ್ಟು ತೋಡಿ ಗುದ್ದಲಿ ಬದಿಗಿಟ್ಟು ರಜಾಯಿ ಹಾಸಿದ. ಡೆಲ್ಮರ್ ಮಲಗಿ ಹೆಗಲವರೆಗೆ ಕೈ ಇಳಿಸಿ, ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡ.

ಅಲ್ಲಿಂದ ಅವನು ಏಳಲಿಲ್ಲ.

"ಏನು?" ಎಂದ ಲೈಲ್. "ಡೆಲ್ಮರ್?"

ಡೆಲ್ಮರ್ ಕಣ್ಣು ಮುಚ್ಚಿದ್ದ. ಲೈಲ್ ಅವನ ಬೆನ್ನಿನ ಮೇಲೆ ಕೈಯಿಟ್ಟ. ಲೈಲ್‌ನ ಗಂಟಲಿನಿಂದ ಎಂಥ ಸದ್ದು ಹೊರಟಿತೋ, ಹೊಲದ ಆಚೆ ತುದಿಯಿಂದ ಬರ್ಲ್ ಮೆಷಿನ್ ಎಸೆದು ಓಡಿಬಂದ, ಹಿಂದೆ ಸೆನೆಟರ್ ಬೊಗಳುತ್ತ ಬಂತು. ಜಗುಲಿಯ ಮೇಲೆ ಇಮೊಜಿನ್ ಎದ್ದು ನಿಂತಳು. ಈ ಸಲ ಮಿಸ್ ಕಾರಿ ಏನೂ ಹೇಳಲಿಲ್ಲ.

"ಕೂಗಾಡ್ಬೇಡ್ರೋ," ಎಂದ ಡೆಲ್ಮರ್ ಕಣ್ಣು ತೆರೆಯದೆ. "ಸಿಕ್ಕಿದೆ."

"ಏನ್ ಸಿಕ್ಕಿದೆ?"

"ಮೊಟ್ಟೆ ಹಾಗೆ ದುಂಡಗಿದೆ. ಹಿಂದ್ಗಡೆ ಕೊಕ್ಕೆ ಇದೆ. ಸೀಸ ಇದೆ. ಅದೇ."

"ಮತ್ತೆ ಎತ್ತೋ!"

"ಎತ್ತೋಣ. ಏನ್ ಅವಸರ? ಎತ್ತಿದ್ರೆ ಮುಗೀತು."

ಲೈಲ್ ಅವನ ಪಕ್ಕ ಮಣ್ಣಿನ ಮೇಲೆ ಕುಕ್ಕರಿಸಿದ. ಬರ್ಲ್ ಏದುಸಿರು ಬಿಡುತ್ತ ಗುಂಡಿಯೊಳಗೆ ಇಣುಕಿದ.

"ನೋಡಪ್ಪ, ನಿಯಮ ಅಂದ್ರೆ ನಿಯಮ. ನೀನು ಎತ್ತೋವರೆಗೂ ಅದು ಮಿಸ್ ಕಾರೀದು. ನನ್ನ ನಾಯಿ ಕಣ್ಣೂ ಅದರ ಮೇಲಿದೆ."

ಡೆಲ್ಮರ್ ನಗತೊಡಗಿದ. ಬೋರಲು ಮಲಗಿದವನು ನಕ್ಕರೆ ಮಣ್ಣು ಬಾಯಿಗೆ ಹೋಗುತ್ತದೆ. ಕೆಮ್ಮಿದ, ಉಗಿದ, ಮತ್ತೆ ನಕ್ಕ. ಇಮೊಜಿನ್ ಹೊಲದ ನಡುವೆ ಬಂದು ಮುಟ್ಟುವ ಹೊತ್ತಿಗೆ ಕೈ ಹೊರಗೆ ತಂದ. ಅಂಗೈಯ ತುಂಬ ಕೆಂಪು ಮಣ್ಣು, ಅದರ ನಡುವೆ ಹಸಿರುಗಟ್ಟಿದ ಹಿತ್ತಾಳೆ. ಒಂದು ಬದಿ ದನ ತುಳಿದ ಹಾಗೆ ಸೊಟ್ಟಗಿತ್ತು. ಬರ್ಲ್ ಬಕಲ್ ನೋಡುವ ಮೊದಲು ಟೋಪಿ ತೆಗೆದು ಡೆಲ್ಮರನ ಕೈ ಕುಲುಕಿದ. ಇಮೊಜಿನ್ ಗಂಡನ ಕೆನ್ನೆಯ ಮಣ್ಣನ್ನು ಸೆರಗಿಲ್ಲದ ಕಾರಣ ತೋಳಿನಿಂದ ಒರೆಸಿ, "ಇದಕ್ಕಾ ಮೂವತ್ತು ವರ್ಷ?" ಎಂದಳು. ಆಮೇಲೆ, "ಚೆನ್ನಾಗಿದೆ," ಎಂದಳು.

ಸಿಕ್ಕವುಗಳಲ್ಲಿ ತನಗೆ ಬೇಕಾದ ಒಂದನ್ನು ಮಿಸ್ ಕಾರಿ ಇಟ್ಟುಕೊಳ್ಳುವುದು ವಾಡಿಕೆ. ಸಂಜೆ ಡೆಲ್ಮರ್ ಬಕಲ್ಲನ್ನೂ ಚೀಲದಲ್ಲಿದ್ದುದನ್ನೆಲ್ಲ ಅವಳ ಮುಂದೆ ಇಟ್ಟು ಉಸಿರು ಬಿಗಿಹಿಡಿದ. ಅವಳು ಬಕಲ್ಲನ್ನು ಮೂಗಿನ ಹತ್ತಿರ ತಂದು ನೋಡಿ, "ಪಾಪ, ಸೊಟ್ಟಗಿದೆ," ಎಂದು ಹಿಂದೆ ಕೊಟ್ಟು, ಕುದುರೆಯ ಲಾಳವನ್ನು ಎತ್ತಿಕೊಂಡಳು.

ಆಮೇಲೆ ಚಳಿಗಾಲವೆಲ್ಲ ಡೆಲ್ಮರ್ ಆ ಬಕಲ್ಲನ್ನು ಬೆಲ್ಟಿಗೆ ಹಾಕಿಕೊಂಡೇ ತಿರುಗಿದ. ಕೊಕ್ಕೆ ಸವೆದಿತ್ತು, ಸೀಸದ ಭಾರ ಬೇರೆ. ಚರ್ಚಿನಲ್ಲಿ ಹಾಡಿಗೆ ಎದ್ದು ನಿಂತಾಗ ಒಮ್ಮೆ ಪ್ಯಾಂಟು ಕೆಳಗಿಳಿಯಿತು. ಇಮೊಜಿನ್ ಮಾರನೆಯ ದಿನವೇ ಪ್ಯಾಂಟು ಎತ್ತಿ ಹಿಡಿಯುವ ಹೆಗಲಪಟ್ಟಿ ತಂದಳು. ಸಂಘದ ಊಟದ ದಿನ ಬಕಲ್ಲನ್ನು ಮೇಜಿನ ಮೇಲೆ ಇಡಲೇ ಇಲ್ಲ. ಸೊಂಟದಲ್ಲಿದ್ದುದನ್ನು ನೋಡಲು ಬಂದವರೆಲ್ಲ ಬಗ್ಗಬೇಕಾಯಿತು. ಬರ್ಲ್ ಕೂಡ ಬಗ್ಗಿದ. ಡೆಲ್ಮರ್ ಅದನ್ನು ಎರಡು ಸಲ ಮಾಡಿಸಿದ.

ಮಾರ್ಚ್ ತಿಂಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ಅವನು ಒಂದೇ ಮಾತು ಕೇಳಿದ: ತನ್ನ ಜೊತೆ ಬಕಲ್ಲನ್ನೂ ಹೂಳಬೇಕು.

"ಹುಚ್ಚು ನಿಂಗೆ," ಎಂದ ಬರ್ಲ್ ಮಂಚದ ಪಕ್ಕ ಕೂತು. "ಇನ್ನೊಂದು ಕಾಲಕ್ಕೆ ಯಾವನೋ ಮೆಷಿನ್ ಹಿಡ್ಕೊಂಡು ಬಂದು ನಿನ್ನ ಅಗೀತಾನೆ ಕಣೋ."

"ಬರ್ಲಿ ಬಿಡು," ಎಂದ ಡೆಲ್ಮರ್. "ಚರ್ಚಿನ ಹಿತ್ತಲು ಕೆಂಪು ಮಣ್ಣು. ಅವನ ಹತ್ರ ಒಳ್ಳೆ ಮೆಷಿನ್ ಇದ್ರೆ ಸಿಗ್ತೀನಿ. ನಿನ್ನಂಥ ಮೆಷಿನ್ ತಂದ್ರೆ ಸಿಗಲ್ಲ."

ಅವನು ಹೇಳಿದ ಹಾಗೇ ಮಾಡಿದರು. ಬಕಲ್ಲನ್ನು ಸೊಂಟಕ್ಕೆ ಹಾಕಿದವನು ಲೈಲ್. ಕೊಕ್ಕೆ ಮೂರು ಸಲ ಜಾರಿತು.

ಮಣ್ಣು ಕೊಟ್ಟ ಮಾರನೆಯ ಮಧ್ಯಾಹ್ನ ಲೈಲ್ ಚರ್ಚಿನ ಹಿತ್ತಲಿಗೆ ಬಂದ. ಇಮೊಜಿನ್ ಅವನಿಗೆ ಕೊಟ್ಟಿದ್ದ ಪೆದ್ದ ಮೆಷಿನ್ ಕೋಟಿನೊಳಗೆ ಇತ್ತು. ಬಚ್ಚಿಟ್ಟದ್ದೆಂದು ಅವನು ತಿಳಿದಿದ್ದ, ಆದರೆ ತಟ್ಟೆ ಹೊರಗೆ ಕಾಣುತ್ತಿತ್ತು. ಸಮಾಧಿಯ ಮೇಲೆ ಮೆಷಿನ್ ಹಿಡಿಯುವುದು ಈ ಜನರಲ್ಲಿ ಅತಿ ದೊಡ್ಡ ತಪ್ಪು. ಬೇಲಿ ದಾಟಿ ನೋಡಿದರೆ ಬರ್ಲ್ ಆಗಲೇ ಅಲ್ಲಿದ್ದ, ಜಾಣ ಮೆಷಿನ್ ಬೆನ್ನ ಹಿಂದೆ.

"ನಾಯಿನ ವಾಕಿಂಗ್ ಕರ್ಕೊಂಡ್ ಬಂದೆ," ಎಂದ ಬರ್ಲ್. ನಾಯಿ ಇರಲಿಲ್ಲ.

"ಕೇಳುಸ್ತಾ?" ಎಂದ ಲೈಲ್.

"ಇಲ್ಲ. ನಿಂದು ಹಾಕು."

ಲೈಲ್ ಹೆಡ್‌ಫೋನು ಹಾಕಿಕೊಂಡು ಹೊಸ ಮಣ್ಣಿನ ಮೇಲೆ ತಟ್ಟೆ ಆಡಿಸಿದ. ಬಹಳ ಆಳ.

"ಇದೆ ಅನ್ಸುತ್ತೆ," ಎಂದ.

"ಎಲ್ಲಿದೆ? ನಿನ್ನ ಕಿವಿ ಕಥೆ. ಕೂಗ್ಬೇಕಲ್ಲ ಅದು."

"ಸಣ್ಣಗೆ..."

"ಸಣ್ಣಗೆ ಅಂದ್ರೆ ಇಲ್ಲ ಅಂತ!"

ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಇಮೊಜಿನ್, ಕೈಯಲ್ಲಿ ಹೂವು. ಇಬ್ಬರು ಮುದುಕರೂ ಕದ್ದು ಸಿಕ್ಕಿಬಿದ್ದ ಹುಡುಗರ ಹಾಗೆ ನಿಂತರು. ಬರ್ಲ್ ತನ್ನ ಮೆಷಿನ್ನನ್ನು ಪಕ್ಕದ ಕಲ್ಲಿಗೆ ಒರಗಿಸಿ, ಅದಕ್ಕೂ ತನಗೂ ಸಂಬಂಧವಿಲ್ಲದವನ ಹಾಗೆ ಮೋಡ ನೋಡಿದ.

"ಸಿಕ್ಕಿದ್ನಾ?" ಎಂದಳು ಇಮೊಜಿನ್.

ಅವಳು ಹೂವು ಕೆಳಗಿಟ್ಟು ಕೈ ಚಾಚಿದಳು. "ಕೊಡಿಲ್ಲಿ."

ಅಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಹೆಡ್‌ಫೋನು ಹಾಕಿಕೊಂಡವಳಲ್ಲ. ಈಗ ಹಾಕಿಕೊಂಡು, ಲೈಲ್ ತೋರಿಸಿಕೊಟ್ಟಂತೆ ತಟ್ಟೆಯನ್ನು ಮಣ್ಣಿನ ಹತ್ತಿರ ಹಿಡಿದು, ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ಕೇಳಿದಳು. ಕೆಂಪು ಮಣ್ಣಿನ ಮೇಲೆ ಆ ಮೆಷಿನ್ ಸುಮ್ಮನಿರುವುದಿಲ್ಲ. ಒಳಗೊಳಗೇ ಏರುತ್ತ ಇಳಿಯುತ್ತ ಗುಂಯ್‌ಗುಡುತ್ತಲೇ ಇರುತ್ತದೆ.

"ಏನಾದ್ರೂ ಕೇಳುಸ್ತಾ?" ಎಂದ ಲೈಲ್.

ಇಮೊಜಿನ್ ಹೆಡ್‌ಫೋನು ತೆಗೆದು ಅವನ ಕೈಗೆ ಕೊಟ್ಟಳು.

"ಗೊರಕೆ ಹೊಡೀತಿದಾನೆ," ಎಂದಳು. "ಮಲಗ್ಲಿ ಬಿಡಿ."